ಕೇಳದೆ ಕೂರಿಸಿದ ಕುರ್ಚಿ

ಡೊಂಬಿವಲಿ (ಪೂರ್ವ)
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಪೂಜಿಗೆ ಮಮ್ಮಿಯ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಕ್ಷೇಮವೋ ಅಲ್ಲವೋ ಸಂಜೆ ಗೊತ್ತಾಗುತ್ತದೆ. ಕೌಶಲ್ ಇವತ್ತು ಮನೆಯಲ್ಲಿಲ್ಲ. ನನ್ನ ಜೊತೆಯೂ ಇಲ್ಲ, ಪಪ್ಪನ ಜೊತೆ ಹೋಟೆಲಿನಲ್ಲೂ ಇಲ್ಲ. ಹತ್ತೊಂಬತ್ತು ವರ್ಷದ ನಿನ್ನ ತಮ್ಮ ಮೊದಲ ಸಲ ನಾವಿಬ್ಬರೂ ಇಲ್ಲದೆ ಇನ್ನೊಬ್ಬರ ಮನೆಯಲ್ಲಿ ಇಡೀ ದಿನ ಕಳೆಯುತ್ತಿದ್ದಾನೆ. ಸೀವುಡ್ಸ್‌ನ ವೇದಾವತಿ ಅಕ್ಕನ ಮನೆಯಲ್ಲಿ. ಅವನಿಗೆ ಹೇಗಾಗುತ್ತಿದೆಯೋ ತಿಳಿಯದು, ನನ್ನದಂತೂ ಕಾಲು ಸುಟ್ಟ ಬೆಕ್ಕಿನ ಅವಸ್ಥೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ನಾನೇ ಫೋನ್ ಮಾಡಿಬಿಡುತ್ತೇನೆ ಎಂದು ಹೆದರಿ ನಿನಗೆ ಕಾಗದ ಬರೆಯಲು ಕೂತೆ.

ಫೋನಿನಲ್ಲಿ ನಾನು ನಿನಗೆ ಮಾತಾಡಲು ಬಿಡುವುದಿಲ್ಲ ಎನ್ನುತ್ತಿ. ನಿಜವೇ ಇರಬೇಕು, ಪಪ್ಪನೂ ಹಾಗೇ ಹೇಳುತ್ತಾರೆ. ಕಾಗದವಾದರೆ ನಾನು ಹೇಳುವಷ್ಟು ಹೇಳಬಹುದು, ನಿನಗೆ ಸಾಕೆನಿಸಿದಲ್ಲಿ ಮಡಚಿ ಇಡಬಹುದು. ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಕನ್ನಡ ಸಂಘದ ಕ್ಲಾಸಿನಲ್ಲಿ ನಿನ್ನ ಕಲಿಕೆ ಒತ್ತಕ್ಷರದ ಹತ್ತಿರ ಬಂದು ಮುಷ್ಕರ ಹೂಡಿತ್ತು, ನೆನಪುಂಟಲ್ಲ? ಓದಲು ಕಷ್ಟವಾದರೆ ರಮಿತಾಳ ಕೈಯಲ್ಲಿ ಓದಿಸು. ನಿನ್ನ ಜೊತೆ ಒಂದೇ ರೂಮಿನಲ್ಲಿರುವವಳು, ಅಷ್ಟು ಮಾಡಲಿ. ಹೇಗೂ ಈ ಕಾಗದಕ್ಕೆ ಅವಳೇ ಕಾರಣ.

ಅವಳ ಮೇಲೆ ಸಿಟ್ಟು ಮಾಡಬೇಡ. ಕಳೆದ ವಾರ ಚಿಕ್ಕಮ್ಮನ ಮನೆಗೆಂದು ಡೊಂಬಿವಲಿಗೆ ಬಂದಿದ್ದಳು, ಹೋಟೆಲಿಗೆ ಬಂದು ಹೋಗು ಎಂದೆ. ಕಾಫಿ ಕುಡಿಯುತ್ತಾ ಹೇಳಿಬಿಟ್ಟಳು: “ಆಂಟಿ, ಪೂಜಿಗೆ ಪ್ರಮೋಷನ್ ಆಗಿದೆ. ವಿಶಾಖಪಟ್ಟಣದಲ್ಲಿ ಹೊಸ ಆಫೀಸ್, ಪೂರಾ ಬ್ರಾಂಚ್ ಅವಳೇ ನೋಡ್ಬೇಕು. ಬಟ್ ವೋ ನಾ ಬೋಲ್‌ನೇವಾಲಿ ಹೈ.” ಬರುವ ಬುಧವಾರ ನೀನು ಉತ್ತರ ಕೊಡಬೇಕಂತೆ. ಯಾಕೆ ಬೇಡವಂತೆ ಎಂದು ಕೇಳಿದೆ. ರಮಿತಾ ಲೋಟದೊಳಗೆ ನೋಡುತ್ತಾ, “ನಿಮ್ಗೆ ಗೊತ್ತಿಲ್ವಾ ಆಂಟಿ?” ಎಂದಳು. ಗೊತ್ತಿತ್ತು.

ಐದು ವರ್ಷ ಬಂದರಿನ ಕಂಟೇನರುಗಳ ಹಿಂದೆ ಬಿದ್ದು, ಕಸ್ಟಮ್ಸ್‌ನವರ ಹತ್ತಿರ ಜಗಳಾಡಿ, ಗಂಡಸರೇ ತುಂಬಿದ ಆಫೀಸಿನಲ್ಲಿ ನೀನು ಸಂಪಾದಿಸಿದ್ದು ಅದು. ಅದನ್ನು ನಾನು ಒಂದು ಮಧ್ಯಾಹ್ನ ಒಂದು ಕುರ್ಚಿ ಹಾಕಿ ಕಿತ್ತುಕೊಂಡೆ.

ಆ ಶನಿವಾರ ನಿನ್ನ ಕಡೆಯಿಂದ ಹೇಗೆ ಕಂಡಿತೋ ಅದು ನಿನಗೆ ಗೊತ್ತು. ನನ್ನ ಕಡೆಯಿಂದ ಕಂಡದ್ದು ಹೇಳುತ್ತೇನೆ, ಸಮಜಾಯಿಷಿ ಎಂದುಕೊಳ್ಳಬೇಡ. ದೀಪಾವಳಿ ಕಳೆದು ನಮ್ಮ ‘ಪಡಸಾಲೆ’ಯ, ಕೌಶಲನಂಥ ಆಟಿಸಂ ಮಕ್ಕಳ ಹೆತ್ತವರ ಕೂಟದ, ವಾರ್ಷಿಕ ಸಭೆ. ಹೋಟೆಲಿನ ಮೇಲಿನ ಹಾಲ್ ತುಂಬಿತ್ತು. ಎಂದಿನಂತೆ ಮಧ್ಯಾಹ್ನದ ಊಟ ಮುಗಿಸಿ ಷಟರ್ ಅರ್ಧ ಎಳೆದು, ಮಕ್ಕಳ ಕಿವಿಗೆ ತೊಂದರೆಯಾಗದ ಹಾಗೆ ಅಡಿಗೆಮನೆಯ ಮಿಕ್ಸಿ, ಫ್ಯಾನು ಎಲ್ಲ ನಿಲ್ಲಿಸಿ ಪಪ್ಪ ಬಾಗಿಲಲ್ಲಿ ನಿಂತಿದ್ದರು. ಕಲ್ಯಾಣದವರು, ಘೋಡಬಂದರ್ ರಸ್ತೆಯವರು, ಪನ್ವೇಲ್ ಕಡೆಯವರು, ಎಲ್ಲ ಬಂದಿದ್ದರು. ಹಿಂದೊಮ್ಮೆ ನಾಲ್ಕು ಜನ ತಾಯಂದಿರು ಒಂದೇ ಟೇಬಲ್ಲಿಗೆ ಕೂತು ಅತ್ತ ಜಾಗ ಅದು. ಈಗ ಮಕ್ಕಳು ಕುಣಿಯುತ್ತಾರೆ, ಮೂಲೆಯಲ್ಲಿ ಮಲಗುತ್ತಾರೆ, ಒಬ್ಬ ದೋಸೆಯ ಅಂಚು ಮಾತ್ರ ತಿನ್ನುತ್ತಾನೆ, ಯಾರೂ ಯಾರನ್ನೂ ದುರುಗುಟ್ಟಿ ನೋಡುವುದಿಲ್ಲ. ಅದನ್ನೆಲ್ಲ ನೋಡುತ್ತಾ ನನಗೆ ಎದೆ ತುಂಬಿ ಬಂತು, ಹಿಂದೆಯೇ ಹೆದರಿಕೆಯೂ ಬಂತು. ನಾನು ಹೋದ ಮೇಲೆ?

ನಮ್ಮ ಹೋಟೆಲಿನವರಿಗೆ ಈ ಪ್ರಶ್ನೆಗೆ ಒಂದೇ ಉತ್ತರ ಗೊತ್ತಿರುವುದು. ಗಲ್ಲಾದ ಕುರ್ಚಿ. ಯಜಮಾನನಿಗೆ ಸಾಕೆನಿಸಿದ ದಿನ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಹಣೆಗೆ ಕುಂಕುಮ ಇಟ್ಟು ಮುಂದಿನವನನ್ನು ಗಲ್ಲಾದಲ್ಲಿ ಕೂರಿಸುವುದು. ಕೂತವನು ಎದ್ದು ಹೋಗುವ ಹಾಗಿಲ್ಲ. ನಿನ್ನ ಪಪ್ಪನನ್ನು ಅವರ ಸೋದರಮಾವ ಕೂರಿಸಿದ್ದು ಹಾಗೆಯೇ. ನಾನು ಅದನ್ನೇ ಮಾಡಿದೆ. ಹೋಟೆಲು ನಡೆಸಿದ ಹಾಗೆ ಪಡಸಾಲೆಯನ್ನೂ ನಡೆಸಬಹುದೆಂದುಕೊಂಡೆ. ಊಟಕ್ಕೆಂದು ಬಂದ ನಿನ್ನ ಕೈ ಹಿಡಿದು ಎಳೆದು ತಂದು, ಎಲ್ಲರೆದುರು ಹಾಕಿಸಿದ್ದ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, “ಇನ್ನು ಪಡಸಾಲೆಯೂ ಇವಳದ್ದು, ಕೌಶಲನೂ ಇವಳದ್ದು” ಎಂದೆ.

ನಮ್ಮಲ್ಲಿ ಚಪ್ಪಾಳೆ ತಟ್ಟುವುದಿಲ್ಲವಲ್ಲ, ಸದ್ದಾಗುತ್ತದೆಂದು. ಎಲ್ಲರೂ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ನೀನು ಫೋಟೊಕ್ಕೆ ನಕ್ಕೆ. ಎಷ್ಟು ಚೆಂದ ನಕ್ಕೆಯೆಂದರೆ ನನಗೆ ಏನೂ ಅನುಮಾನ ಬರಲಿಲ್ಲ. ಕೈ ತೊಳೆದು ಬರುತ್ತೇನೆಂದು ಹೋದವಳು ಅಡಿಗೆಮನೆಯ ಹಿಂಬಾಗಿಲಿನಿಂದ ಹೊರಟು ಹೋಗಿದ್ದಿ. ರಾತ್ರಿ ಮೆಸೇಜು ಬಂತು: “ಮಮ್ಮಿ, ಏಕ್ ಬಾರ್ ಪೂಛ್ ತೋ ಲೇತೀ.”

ಒಮ್ಮೆ ಕೇಳಬಾರದಿತ್ತಾ ಎಂಬ ಆ ಮಾತು ಓದಿ ನನಗೆ ಮೊದಲು ಬಂದದ್ದು ಸಿಟ್ಟು, ನಾಚಿಕೆಯಲ್ಲ. ಕೇಳಲಿಕ್ಕೆ ಎಂತ ಉಂಟು, ಅವನು ಅವಳ ತಮ್ಮನಲ್ಲವಾ ಎಂದು ಪಪ್ಪನ ಎದುರು ಕೂಗಾಡಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ಹೇಳಿದರು: “ಮಾವ ನನ್ನನ್ನು ಗಲ್ಲಾದಲ್ಲಿ ಕೂರಿಸಿದ ವಾರವೇ ನಂಗೆ ರೈಲ್ವೆಯಲ್ಲಿ ಕೆಲ್ಸಕ್ಕೆ ಕರೆ ಬಂದಿತ್ತು ಮಾರಾಯ್ತಿ. ಎಂಜಿನ್ ಓಡಿಸುವ ಕೆಲ್ಸ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಮದುವೆಯಾಗಿ ಇಷ್ಟು ವರ್ಷವಾಯಿತು, ಈ ಮಾತು ನನಗೆ ಗೊತ್ತಿರಲಿಲ್ಲ. ಬೇಸರ ಉಂಟಾ ಎಂದು ಕೇಳಿದರೆ, ಈಗ ಇಲ್ಲ ಎಂದರು. ಲೋಕಲ್ ತಡವಾದಾಗಲೆಲ್ಲ ಊರೆಲ್ಲ ರೈಲ್ವೆಗೆ ಬೈದರೂ ಇವರೊಬ್ಬರು ಗಾಡಿ ಓಡಿಸುವ ಮೋಟರ್‌ಮನ್ ಪರ ವಾದಿಸುವುದು ಯಾಕೆಂದು ಈಗ ತಿಳಿಯಿತು.

ಮುಂದಿನ ಶನಿವಾರ ಕಲ್ಯಾಣದ ಚಂದ್ರಬಾಯಿ ಉಳಿದದ್ದನ್ನೂ ತೆಗೆದು ಹೊರಗಿಟ್ಟಳು. ನಿನಗೆ ಗೊತ್ತಲ್ಲ, ಕೋರ್ಟಿನಲ್ಲಿ ಕ್ಲಾರ್ಕ್ ಆಗಿರುವವಳು, ಬಿಜಾಪುರದ ಕಡೆಯ ಜೋರು ಗಂಟಲು. ಎಲ್ಲರ ಎದುರು ಕೇಳಿದಳು: “ಅಕ್ಕಾರ, ಹುಡುಗೂರ್ನ ಮುಟ್ಟೂಕಿಂತ ಮದ್ಲ ಅವರನ್ನ ಕೇಳ್ರಿ ಅಂತ ನಮಗೆಲ್ಲಾ ಹೇಳ್ತೀರಿ. ನಿಮ್ಮ ಮಗಳ್ನ ಕುರ್ಚಿ ಮ್ಯಾಲೆ ಕೂಡ್ಸೂ ಮುಂದ ಆಕೀನ್ನ ಕೇಳಿದ್ರೇನ್ರಿ?” ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆದರೆ ಆ ಮಾತು ನನ್ನೊಬ್ಬಳಿಗೇ ತಾಗಲಿಲ್ಲ ನೋಡು. ಕುಂಬಳಕಾಯಿ ಕಳ್ಳ ಎಂದದ್ದೇ ಎಲ್ಲರೂ ಹೆಗಲು ಮುಟ್ಟಿಕೊಂಡರು. ಒಬ್ಬರಿಗೆ ಅಕ್ಕ ಇದ್ದಾಳೆ, ನೋಡಿಕೊಳ್ಳುತ್ತಾಳೆ. ಇನ್ನೊಬ್ಬರಿಗೆ ತಂಗಿ. ಇನ್ನೊಬ್ಬರು ಎರಡನೇ ಮಗುವನ್ನು ಹೆತ್ತದ್ದೇ ಅದಕ್ಕೆ, ಆ ಮಗುವಿಗೆ ಈಗ ಏಳು ವರ್ಷ. ಪ್ರತಿಯೊಂದು ಮನೆಯಲ್ಲೂ ಕೇಳದೆ ಕೂರಿಸಿದ ಒಂದು ಕುರ್ಚಿ. ಆಗ ವೇದಾವತಿ ಅಕ್ಕ ಮೆಲ್ಲಗೆ ಹೇಳಿದರು: “ನಾವು ದುಡ್ಡಿನ ಭಿಶಿ ಹಾಕ್ತೇವಲ್ಲ, ತಿಂಗಳಿಗೊಂದು ಚೀಟಿ ತೆಗ್ದು. ಹಾಗೇ ದಿನದ ಭಿಶಿ ಹಾಕುವ. ಯಾರ ಚೀಟಿ ಬಂತೋ ಅವರ ಮಗು ಒಂದು ದಿನ ಇನ್ನೊಬ್ಬರ ಮನೇಲಿ ಇರ್ಲಿ. ನಾಳೆ ನಾವಿಲ್ಲದಾಗ ಮಕ್ಕಳಿಗೆ ಒಂದೇ ಬಾಗ್ಲು ಅಲ್ಲ, ಹತ್ತು ಬಾಗ್ಲು ಗೊತ್ತಿರ್ತದೆ.”

ಎಷ್ಟು ಚೆಂದದ ಮಾತು! ನಾನೇ ಎದ್ದು ನಿಂತು ಹೊಗಳಿದೆ, ನಾನೇ ಚೀಟಿ ಬರೆದೆ, ಸಕ್ಕರೆ ಡಬ್ಬಕ್ಕೆ ಹಾಕಿ ಕುಲುಕಿದೆ. ಮೊದಲ ಚೀಟಿಯೇ ಕೌಶಲನದ್ದು. ಸರಿಯಾಗಿ ಕುಲುಕಲಿಲ್ಲ, ಇನ್ನೊಮ್ಮೆ ತೆಗೆಯುವ ಎಂದೆ. ಚಂದ್ರಬಾಯಿ ಚೀಟಿ ಕಿತ್ತುಕೊಂಡು ಬ್ಲೌಸಿನೊಳಗೆ ಸೇರಿಸಿದಳು.

ಹಾಗೆ ಇವತ್ತು ಬೆಳಿಗ್ಗೆ ವೇದಾವತಿ ಅಕ್ಕನ ಯಜಮಾನರು ವಿಷ್ಣುಮೂರ್ತಿಯವರು ಕಾರು ತಂದು ನಿಲ್ಲಿಸಿದರು. ನಾನು ಚೀಲ ಕಟ್ಟಿ ಕೊಟ್ಟೆ: ಅವನ ಟವೆಲು, ಕಿವಿಗೆ ಹಾಕುವ ಹೆಡ್‌ಫೋನು, ಎರಡು ಜೊತೆ ಬಟ್ಟೆ. ಜೊತೆಗೆ ನಾಲ್ಕು ಪುಟ ಸೂಚನೆ. ಸಾಂಬಾರು ಅನ್ನಕ್ಕೆ ತಾಗಬಾರದು, ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಹೇಳಬೇಕು, ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಿಡಬಾರದು, ತಲೆ ಸವರಬಾರದು, ಕೂಗಿದರೆ ಜೊತೆಗೆ ಕೂಗಬಾರದು. ವಿಷ್ಣುಮೂರ್ತಿಯವರು ಓದಿ, “ನಮ್ಮ ಶ್ರೀವಾಣಿಯನ್ನು ಹದಿನಾರು ವರ್ಷ ಸಾಕಿದ್ದೇವಮ್ಮ, ನಮಗೂ ಸ್ವಲ್ಪ ಗೊತ್ತುಂಟು” ಎಂದು ನಕ್ಕರು. ಕೌಶಲ್ ಮುಂದಿನ ಸೀಟಿನಲ್ಲಿ ಕೂತು ತಾನೇ ಬೆಲ್ಟ್ ಹಾಕಿಕೊಂಡ. ಟಾಟಾ ಮಾಡು ಎಂದೆ. ಅವನಿಗೆ ಕಾರಿನ ಎ.ಸಿ. ಗುಂಡಿ ಒತ್ತುವ ಅವಸರ. ಕಾರು ಹೋಯಿತು. ಸಂಜೆ ಆರಕ್ಕೆ ಅವರೇ ಕರೆದುಕೊಂಡು ಬಂದು ಬಿಡುತ್ತಾರೆ. ಅಲ್ಲಿಯವರೆಗೆ ನಾನು ಫೋನು ಮಾಡಬಾರದು, ಮನೆಯಲ್ಲಿ ಸುಮ್ಮನೆ ಕೂರಬೇಕು ಎಂದು ನಿಯಮ. ಮಾಡಿದವಳು ನಾನೇ.

ಆಮೇಲಿನಿಂದ ಹೀಗೆ. ಇಷ್ಟು ಬರೆಯುವಷ್ಟರಲ್ಲಿ ಹತ್ತು ಸಲ ಫೋನು ತೆಗೆದು ನೋಡಿದ್ದೇನೆ. ಒಮ್ಮೆ ಹೊಡೆದುಕೊಂಡಿತು, ನನ್ನ ಜೀವವೇ ಬಾಯಿಗೆ ಬಂತು. ನೋಡಿದರೆ ಘೋಡಬಂದರ್ ರಸ್ತೆಯ ಅಪರ್ಣಾ. ಹೊಸಬಳು, ಮಗ ಸಾತ್ವಿಕನಿಗೆ ಐದು ವರ್ಷ, ಆಟಿಸಂ ಎಂದು ತಿಳಿದು ಇನ್ನೂ ವರ್ಷವಾಗಿಲ್ಲ. ಅವರ ಸೊಸೈಟಿಯವರು ನೋಟಿಸು ಹಾಕಿದ್ದಾರಂತೆ, ಲಿಫ್ಟಿನಲ್ಲಿ ಮಗು ಕಿರುಚುತ್ತದೆ, ಮೆಟ್ಟಿಲಲ್ಲೇ ಕರೆದುಕೊಂಡು ಹೋಗಿ ಎಂದು. ಹದಿನೇಳನೇ ಮಾಳಿಗೆ! ಅಳುತ್ತಿದ್ದಳು. ನೋಟಿಸು ಹರಿಯಬೇಡ, ಫೋಟೊ ತೆಗೆದಿಡು, ಚಂದ್ರಬಾಯಿಗೆ ಕಳಿಸು, ಅದಕ್ಕೆ ಉತ್ತರ ಬರೆಯುವುದು ಅವಳಿಗೆ ಹಬ್ಬ ಎಂದೆ. ಸೆಕ್ರೆಟರಿಯನ್ನು ಶನಿವಾರ ಮಸಾಲೆದೋಸೆಗೆ ಕರೆದುಕೊಂಡು ಬಾ, ಮಕ್ಕಳನ್ನು ನೋಡಲಿ, ಆಮೇಲೂ ಮಾತಾಡುವಷ್ಟು ಬಾಯಿದ್ದರೆ ಮಾತಾಡಲಿ ಎಂದೆ. ನಕ್ಕಳು. ಎಂತ ಆಂಟಿ, ತುಂಬ ಗದ್ದಲ ಕೇಳ್ತದೆ ಎಂದಳು. ಟಿ.ವಿ. ಎಂದೆ.

ಫೋನಿಡುವ ಮುಂಚೆ ಅವಳು ಕೇಳಿದಳು: “ಒಂದಿನ ನೀವು ಫೋನ್ ಎತ್ತದಿದ್ರೆ ನಾನು ಯಾರಿಗೆ ಮಾಡ್ಲಿ?” ಇದಕ್ಕೆ ನಾನು ವರ್ಷಗಟ್ಟಲೆ ಹೇಳುತ್ತಾ ಬಂದ ಉತ್ತರ ಒಂದೇ: ನನ್ನ ಮಗಳಿದ್ದಾಳೆ. ನಾಲಗೆಯ ತುದಿಗೆ ಬಂದಿತ್ತು ಪೂಜಿ, ನುಂಗಿದೆ. ವೇದಾವತಿ ಅಕ್ಕನಿಗೆ ಮಾಡು, ಚಂದ್ರಬಾಯಿಗೆ ಮಾಡು, ಇನ್ನೆರಡು ವರ್ಷ ಕಳೆದರೆ ಬೇರೆಯವರು ನಿನಗೇ ಮಾಡುತ್ತಾರೆ ಎಂದೆ. ನಿನ್ನ ಹೆಸರು ಬಿಟ್ಟು ನನ್ನ ಬಾಯಿಗೆ ಅಭ್ಯಾಸವಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನೀನು ಹೋಗು. ಬುಧವಾರದವರೆಗೆ ಕಾಯಬೇಡ, ನಾಳೆಯೇ ಹೂಂ ಎಂದು ಬರೆದು ಕಳಿಸು. ಚೀಟಿ ತೆಗೆದ ಮರುವಾರದ ಸಭೆಯಲ್ಲಿ ನಾನೇ ಎದ್ದು ಹೇಳಿದ್ದೇನೆ, ಮಗಳನ್ನು ಕೂರಿಸಿದ್ದು ನನ್ನ ತಪ್ಪು, ಆ ಕುರ್ಚಿ ಖಾಲಿಯಿದೆ ಎಂದು. ಈಗ ಅದರಲ್ಲಿ ಪ್ರತಿ ಶನಿವಾರ ಒಬ್ಬೊಬ್ಬರು ಕೂತು ಸಭೆ ನಡೆಸುತ್ತಾರೆ. ಮೊದಲ ವಾರ ಚಂದ್ರಬಾಯಿ ಕೂತು ನನಗೇ ಬಾಯಿ ಮುಚ್ಚಿಸಿದಳು.

ವಿಶಾಖಪಟ್ಟಣಕ್ಕೆ ಇಲ್ಲಿಂದ ನೇರ ರೈಲು ಉಂಟು. ವಿಮಾನದಲ್ಲಾದರೆ ಎರಡು ಗಂಟೆ. ಶುಕ್ರವಾರ ಹೊರಟರೆ ಶನಿವಾರ ಮಧ್ಯಾಹ್ನ ಇಲ್ಲಿರಬಹುದು, ತಿಂಗಳಿಗೆ ಎರಡು ಸಲ ಬಂದರೂ

ನೋಡಿದೆಯಾ? ಮತ್ತೆ ಶುರು ಮಾಡಿದೆ. ಹೊಡೆದು ಹಾಕುವುದಿಲ್ಲ, ಹಾಗೇ ಬಿಟ್ಟಿದ್ದೇನೆ. ನಿನ್ನ ತಾಯಿ ಎಂಥವಳೆಂದು ನಿನಗೆ ಗೊತ್ತಿರಲಿ. ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಎಳೆಯುವವಳು. ಬರುವುದಾದರೆ ನಿನಗೆ ಬರಬೇಕೆನಿಸಿದಾಗ ಬಾ. ಕೌಶಲನನ್ನು ನೋಡಬೇಕೆನಿಸಿದರೆ ಅಕ್ಕನಾಗಿ ಬಾ, ಪಾಳಿಗೆ ಬಂದ ಕೆಲಸದವಳಾಗಿ ಬರಬೇಡ. ನಿನಗೆ ಅವನ ಮೇಲೆ ಪ್ರೀತಿ ಇಲ್ಲವೆಂದು ನಾನು ಯಾವತ್ತೂ ತಿಳಿದಿಲ್ಲ. ಆ ಪ್ರೀತಿಯನ್ನೇ ಹಗ್ಗ ಮಾಡಿ ನಿನ್ನ ಕಾಲಿಗೆ ಕಟ್ಟಿದೆ, ಅದು ನನಗೆ ಈಗ ನೋಯುತ್ತದೆ.

ಪಪ್ಪ ಸುಮ್ಮನಿದ್ದರೂ ಖುಷಿಯಲ್ಲಿದ್ದಾರೆ. ನಿನ್ನೆ ಹೋಟೆಲಿನ ಹಳೆಯ ಮಾಣಿ ಮುರಾರಿಯ ಹತ್ತಿರ, ನನ್ನ ಮಗಳು ಒಂದು ಬಂದರಿಗೇ ಯಜಮಾನ್ತಿ ಎಂದು ಹೇಳುತ್ತಿದ್ದರು. ಬಂದರಲ್ಲ, ಒಂದು ಆಫೀಸು ಎಂದು ನಾನು ತಿದ್ದಲಿಲ್ಲ.

ಈ ಪುಟಗಳ ಫೋಟೊ ತೆಗೆದು ಈಗಲೇ ವಾಟ್ಸಾಪಿಗೆ ಹಾಕುತ್ತೇನೆ, ಕಾಗದ ಆಮೇಲೆ ಬರುತ್ತದೆ. ಊಟ ತಪ್ಪಿಸಬೇಡ, ಬರೀ ವಡಾಪಾವ್ ತಿಂದು ದಿನ ಕಳೆಯಬೇಡ.

ನಿನ್ನ ಮಮ್ಮಿ,
ಹರಿಣಾಕ್ಷಿ

ತಾ.ಕ.: ಸಹಿ ಹಾಕಿ ಮುಗಿಸಿದ್ದೆ. ಆದರೆ ಸುಳ್ಳು ಹೇಳಿ ನಿನ್ನನ್ನು ಕಳಿಸಲು ಮನಸ್ಸು ಬರುವುದಿಲ್ಲ.

ನಾನು ಡೊಂಬಿವಲಿಯಲ್ಲಿಲ್ಲ. ಕಾರು ಹೋದ ಮೇಲೆ ಮನೆಯಲ್ಲಿ ಅರ್ಧ ಗಂಟೆಯೂ ಕೂರಲಾಗಲಿಲ್ಲ. ಥಾಣೆಗೆ ಬಂದು ಗಾಡಿ ಬದಲಿಸಿ ಸೀವುಡ್ಸ್‌ಗೆ ಬಂದೆ. ಸ್ಟೇಷನ್ ಮೇಲಿನ ಮಾಲಿನಲ್ಲಿ, ತಿಂಡಿ ಅಂಗಡಿಗಳ ನಡುವಿನ ಟೇಬಲ್ಲಿನಲ್ಲಿ ಕೂತು ಇದನ್ನೆಲ್ಲ ಬರೆದೆ. ವೇದಾವತಿ ಅಕ್ಕನ ಬಿಲ್ಡಿಂಗು ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅವನು ರಂಪ ಮಾಡುತ್ತಾನೆ, ಅವರು ಕರೆಯುತ್ತಾರೆ, ನಾನು ಓಡಿ ಹೋಗಿ ಅವನನ್ನು ಅಪ್ಪಿಕೊಳ್ಳುತ್ತೇನೆ ಎಂದುಕೊಂಡು ಬಂದದ್ದು. ನಾನು ಆಸೆಪಟ್ಟದ್ದೂ ಅದನ್ನೇ, ದೇವರೇ ನನ್ನನ್ನು ಕ್ಷಮಿಸಲಿ.

ಈಗಷ್ಟೇ ವೇದಾವತಿ ಅಕ್ಕನ ಮೆಸೇಜು ಬಂತು. ಊಟ ಮಾಡಿದ, ಶ್ರೀವಾಣಿಯ ಪಕ್ಕ ಕೂತು ಬಟಾಣಿ ಸುಲಿದ, ಈಗ ಮಲಗಿದ್ದಾನೆ, ಒಂದು ಸಲವೂ ನಿನ್ನನ್ನು ಕೇಳಲಿಲ್ಲ, ನೀನು ಆರಾಮಾಗಿರು ಎಂದು. ಓದಿ ಅತ್ತೆ. ಸಂತೋಷಕ್ಕೆ ಅತ್ತದ್ದಲ್ಲ. ಪಕ್ಕದ ಟೇಬಲ್ಲಿನ ಮರಾಠಿ ಹೆಂಗಸು ನೀರು ತಂದುಕೊಟ್ಟಳು. ನಾನಿಲ್ಲದೆ ಅವನು ಒಂದು ದಿನ ಬದುಕಲಾರ ಎಂದು ನಂಬಿಯೇ ನನ್ನ ಜಾಗಕ್ಕೆ ನಿನ್ನನ್ನು ಕಟ್ಟಿಹಾಕಲು ಹೊರಟಿದ್ದು. ಅವನು ಬಟಾಣಿ ಸುಲಿದು ನಿದ್ದೆ ಮಾಡುತ್ತಿದ್ದಾನೆ. ಮನೆಯಲ್ಲಿ ನಾನು ಅವನ ಕೈಗೆ ಅಂಥ ಕೆಲಸ ಕೊಟ್ಟದ್ದೇ ಇಲ್ಲ.

ಇಲ್ಲಿಂದ ನಿನ್ನ ರೂಮಿರುವ ಕಾಮೋಠೆಗೆ ಮೂರು ಸ್ಟೇಷನ್ ಅಷ್ಟೇ. ಪನ್ವೇಲ್ ಗಾಡಿಯ ಪ್ಲಾಟ್‌ಫಾರ್ಮಿಗೆ ಒಮ್ಮೆ ಇಳಿದು ಹೋಗಿದ್ದೆ. ಗಾಡಿ ಬಂತು, ಹತ್ತಲಿಲ್ಲ. ನಾನು ನಿನ್ನ ಬಾಗಿಲಲ್ಲಿ ಈ ಮುಖ ಹೊತ್ತು ನಿಂತರೆ ನೀನು ಆಫೀಸಿಗೆ ಬೇಡವೆಂದೇ ಬರೆಯುತ್ತಿ, ನನಗೆ ಗೊತ್ತು. ಅದಕ್ಕೆ ಥಾಣೆಯ ಗಾಡಿ ಹಿಡಿಯುತ್ತೇನೆ. ವಿಷ್ಣುಮೂರ್ತಿಯವರ ಕಾರು ಬರುವ ಮೊದಲು ಮನೆ ಸೇರಿ, ಇಡೀ ದಿನ ಅಲ್ಲೇ ಕೂತವಳ ಹಾಗೆ ಬಾಗಿಲು ತೆರೆಯಬೇಕು. ಪಪ್ಪನಿಗೆ ಹೇಳಬೇಡ. ಚಂದ್ರಬಾಯಿಗಂತೂ ಹೇಳಲೇಬೇಡ.

ಒಂದು ಮಾತು ಕೇಳಲಾ? ಬೇಡವೆಂದರೂ ನಾನು ಬೇಸರ ಮಾಡುವುದಿಲ್ಲ. ಮಾಡಿದರೂ ನಿನಗೆ ತೋರಿಸುವುದಿಲ್ಲ. ನೀನು ಹೊರಡುವ ದಿನ ಸ್ಟೇಷನ್ನಿಗೆ ಬಿಡಲು ನಾನು ಬರಬಹುದಾ?